ಯುದ್ಧದ ಸಿನಿಮಾದಲ್ಲೂ ಗುಂಡು ಖಾಲಿಯಾಗಲಿ

ಸಂಪಾದಕರೇ,

ಈಚೆಗೆ ಹಳೆಯ ಯುದ್ಧದ ಸಿನಿಮಾಗಳನ್ನು ಮತ್ತೆ ನೋಡುತ್ತಿದ್ದೇನೆ. 1981ರ ಜರ್ಮನ್ ಚಿತ್ರ 'ದಾಸ್ ಬೂಟ್' ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ಜಲಾಂತರ್ಗಾಮಿಯೊಳಗೆ ಇಬ್ಬರು ಎದುರುಬದುರಾದರೆ ಒಬ್ಬ ಗೋಡೆಗೆ ಒತ್ತಿಕೊಳ್ಳಬೇಕು, ಅಷ್ಟು ಇಕ್ಕಟ್ಟು. ದೃಶ್ಯಗಳನ್ನು ಕಥೆಯ ಕ್ರಮದಲ್ಲೇ ಚಿತ್ರೀಕರಿಸಿದ್ದರಿಂದ ನಟರ ಗಡ್ಡ ನಿಜವಾಗಿಯೇ ಬೆಳೆಯುತ್ತಾ ಹೋಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಕೊನೆಗೆ ನೋಡುತ್ತಿರುವ ನಮಗೂ ಉಸಿರು ಕಟ್ಟಿದ ಹಾಗಾಗುತ್ತದೆ.

1998ರ 'ಸೇವಿಂಗ್ ಪ್ರೈವೇಟ್ ರಯಾನ್' ಕೂಡ ಹಾಗೇ, ಎಲ್ಲ ನಿಜವಾದ ಯುದ್ಧದ ಹಾಗೇ ಕಾಣುತ್ತದೆ. ನಟರಿಗೆ ತರಬೇತಿ ಕೊಟ್ಟವರು ಅಮೆರಿಕದ ಮರೀನ್ ಪಡೆಯ ನಿವೃತ್ತ ಕ್ಯಾಪ್ಟನ್ ಡೇಲ್ ಡೈ. ಅದರಲ್ಲಿ ಅಮೆರಿಕದ ಸೈನಿಕರು ಹಿಡಿಯುವ ಎಂ1 ಬಂದೂಕಿನ ಕ್ಲಿಪ್‌ನಲ್ಲಿ, ಅಂದರೆ ಗುಂಡುಗಳನ್ನು ಒಟ್ಟಿಗೆ ಹಿಡಿದಿಡುವ ಲೋಹದ ಪಟ್ಟಿಯಲ್ಲಿ, ಎಂಟೇ ಗುಂಡು. ಎಂಟನೆಯದು ಹಾರಿದ ಮೇಲೆ ಖಾಲಿ ಕ್ಲಿಪ್ 'ಟಿಂಗ್' ಅಂತ ಹೊರಗೆ ಚಿಮ್ಮುತ್ತದೆ. ಮತ್ತೆ ನೋಡುವಾಗ ಆ ಸದ್ದಿಗೆ ಕಿವಿಗೊಡಿ. ಎಷ್ಟೋ ಚಿತ್ರಗಳಲ್ಲಿ ನಾಯಕ ಬಂದೂಕಿನ ಗುಂಡಿನ ಮ್ಯಾಗಜಿನ್ ಬದಲಿಸುವುದೇ ಇಲ್ಲ, ಅಲ್ವಾ?

1965ರ 'ಬ್ಯಾಟಲ್ ಆಫ್ ದ ಬಲ್ಜ್' ಮಾತ್ರ ಬೇಸರ ತರಿಸಿತು. ಎರಡನೇ ಮಹಾಯುದ್ಧದ ಆ ನಿಜವಾದ ಕದನ ಶುರುವಾದದ್ದು 1944ರ ಡಿಸೆಂಬರಿನಲ್ಲಿ, ಬೆಲ್ಜಿಯಂ ಕಡೆಯ ಹಿಮ ಬೀಳುವ ಆರ್ಡೆನ್ಸ್ ಕಾಡಿನಲ್ಲಿ. ಸಿನಿಮಾದ ಕೊನೆಯ ಟ್ಯಾಂಕ್ ಕಾಳಗ ಸ್ಪೇನಿನ ಒಣ ಬಯಲಿನಲ್ಲಿ! ಜರ್ಮನ್ನರ ಟೈಗರ್ ಟ್ಯಾಂಕ್ ಅಂತ ತೋರಿಸಿದ್ದು ಯುದ್ಧ ಮುಗಿದ ಮೇಲೆ ತಯಾರಾದ ಅಮೆರಿಕದ ಟ್ಯಾಂಕ್. ಟೈಗರ್ ಸಿಗುವುದು ಆಗ ಕಷ್ಟ ಇತ್ತು, ಒಪ್ಪುತ್ತೇನೆ. ಆದರೆ ಆ ಕೊನೆಯ ಕಾಳಗದಲ್ಲಿ ಹಿಮವೇ ಇಲ್ಲದಿದ್ದರೆ ಹೇಗೆ? ಚಳಿಯಲ್ಲಿ ನಡುಗುತ್ತಾ ಹೋರಾಡಿದವರ ಪಾಡು ಕಾಣದೇ ಹೋಯಿತು.

ನಿಮ್ಮ ಸಿನಿಮಾ ಪುಟದಲ್ಲಿ ಇಂಥ ಹಳೆಯ ಚಿತ್ರಗಳ ಬಗ್ಗೆ ಆಗಾಗ ಬರೆಯಿರಿ. ಸೈನ್ಯದಲ್ಲಿದ್ದವರ ಕೈಲೂ ಬರೆಸಿ.

– ಒಬ್ಬ ಓದುಗ