ಬಿಚ್ಚುವ ಮೊದಲು ಜೋಡಿಸುವ ಲೆಕ್ಕ

ಸಂಪಾದಕರೇ,

ಹಳೆಯ ವಾಹನಗಳ ರ‍್ಯಾಲಿ ನಡೆದಾಗಲೆಲ್ಲ ಪತ್ರಿಕೆಗಳಲ್ಲಿ ಮಿರಿಮಿರಿ ಮಿಂಚುವ ಕಾರು, ಮೋಟಾರ್ ಸೈಕಲ್‌ಗಳ ಚಿತ್ರ ಬರುತ್ತವೆ. ಜೀರ್ಣೋದ್ಧಾರದ ಕೆಲಸ ಅರ್ಧಕ್ಕೆ ನಿಂತ ಗಾಡಿಗಳ ಚಿತ್ರ ಎಲ್ಲೂ ಬರುವುದಿಲ್ಲ. ಟಾರ್ಪಾಲಿನ ಕೆಳಗೆ ಬಾಡಿ, ಮಂಚದ ಕೆಳಗೆ ಗೇರ್‌ಬಾಕ್ಸ್, ಅಟ್ಟದ ಮೇಲೆ ಸೀಟು, ಯಾವುದೋ ಡಬ್ಬದಲ್ಲಿ ನೂರಾರು ಬೋಲ್ಟು. ಹೀಗೆ ವರ್ಷಗಟ್ಟಲೆ ನೆನೆಗುದಿಗೆ ಬಿದ್ದವು ಎಷ್ಟೋ. ಈ ಪತ್ರ ಅವುಗಳ ಮಾಲೀಕರಿಗೆ, ಮತ್ತು ನಾಳೆ ಸ್ಪ್ಯಾನರ್ ಹಿಡಿಯಲು ಹೊರಟವರಿಗೆ.

ಕೆಲಸ ಕೈಬಿಟ್ಟವರನ್ನು ಕೇಳಿದರೆ ದುಡ್ಡು ಸಾಲಲಿಲ್ಲ, ಬಿಡುವಾಗಲಿಲ್ಲ ಎನ್ನುತ್ತಾರೆ. ಸುಳ್ಳೇನೂ ಅಲ್ಲ. ಆದರೂ ಹುಮ್ಮಸ್ಸು ಸೋರಿಹೋದ ತೂತನ್ನು ಹುಡುಕುತ್ತ ಹೋದರೆ ಬಹಳ ಸಲ ಸಿಗುವುದು ಒಂದೇ: ಗಾಡಿಯನ್ನು ಒಂದೇ ಉಸಿರಿಗೆ ಪೂರ್ತಿ ಬಿಚ್ಚಿಹಾಕಿದ್ದು. ಬಿಚ್ಚುವ ಕೆಲಸಕ್ಕೆ ಮೂರು ನಾಲ್ಕು ಭಾನುವಾರ ಸಾಕು. ಪ್ರತಿ ಬೋಲ್ಟು ಕಳಚಿದಾಗಲೂ ಏನೋ ಸಾಧಿಸಿದ ಖುಷಿ. ಜೋಡಿಸಲು ಕೂತಾಗ ಲೆಕ್ಕ ತಿರುಗಿಬೀಳುತ್ತದೆ. ಹತ್ತು ನಿಮಿಷದಲ್ಲಿ ಬಿಚ್ಚಿದ ಬ್ರೇಕ್ ಡ್ರಮ್ಮನ್ನು ತೊಳೆದು, ತುಕ್ಕು ತೆಗೆದು, ಬಣ್ಣ ಬಳಿದು, ವೀಲ್ ಸಿಲಿಂಡರ್ ಬದಲಿಸಿ ಮತ್ತೆ ಕೂರಿಸುವ ಹೊತ್ತಿಗೆ ಎರಡು ವಾರಾಂತ್ಯ ಮುಗಿದಿರುತ್ತವೆ. ಎದುರಿಗೆ ಅಂಥ ಇನ್ನೂರು ಕೆಲಸ ಒಟ್ಟಿಗೇ ಬಾಯ್ತೆರೆದು ಕೂತಿದ್ದರೆ ಯಾರಿಗಾದರೂ ಕೈಕಾಲು ಬಿದ್ದುಹೋಗುತ್ತದೆ.

ಹಾಗಾಗಿ ಚಾಸಿ (ಗಾಡಿಯ ಅಡಿಯ ಚೌಕಟ್ಟು) ಗಟ್ಟಿಯಿರುವ ಗಾಡಿಯಾದರೆ ಒಂದು ಮೂಲೆ ಬಿಚ್ಚಿ, ಅದನ್ನು ಮುಗಿಸಿ ಜೋಡಿಸಿ, ಆಮೇಲೆ ಇನ್ನೊಂದಕ್ಕೆ ಕೈಹಾಕುವುದು ಮೇಲು. ಎಡಗಡೆಯ ಬ್ರೇಕ್ ಬಿಚ್ಚಿದ್ದಾಗ ಬಲಗಡೆಯದು ಹಾಗೇ ಇರಲಿ. ಯಾವ ಸ್ಪ್ರಿಂಗ್ ಯಾವ ತೂತಿಗೆ, ಬ್ರೇಕ್ ಶೂ ಯಾವ ಮುಖಕ್ಕೆ ಎಂಬ ಗೊಂದಲ ಬಂದಾಗ ಅದಕ್ಕಿಂತ ಒಳ್ಳೆಯ ಮ್ಯಾನ್ಯುಯಲ್ ಇಲ್ಲ. ಕನ್ನಡಿಯೊಳಗಿನ ಹಾಗೆ ಎಡಬಲ ಅದಲುಬದಲು ಎಂಬುದು ನೆನಪಿದ್ದರಾಯಿತು.

ಬೋಲ್ಟುಗಳ ವಿಷಯಕ್ಕೆ ಬರೋಣ. ಜಿಪ್ ಕವರಿನ ಮೇಲೆ ಮಾರ್ಕರಿನಿಂದ ಬರೆದ ಹೆಸರು ಎಣ್ಣೆ, ಪೆಟ್ರೋಲ್ ತಾಗಿದರೆ ಅಳಿಸಿಹೋಗುತ್ತದೆ. ರಟ್ಟಿನ ಚೂರಿನ ಮೇಲೆ ಪೆನ್ಸಿಲಿನಲ್ಲಿ ಬರೆದು ಕವರಿನ ಒಳಗೆ ಹಾಕಿ. ಬರೀ ‘ಬೋಲ್ಟ್’ ಎಂದರೆ ಎರಡು ವರ್ಷದ ನಂತರ ಏನೂ ತಿಳಿಯದು. ‘ಎಡ ಮುಂದಿನ ಮಡ್‌ಗಾರ್ಡ್, ಮೇಲಿನ ಸಾಲು, 6 ಬೋಲ್ಟು, 6 ವಾಷರ್, ಹಿಂದಿನ ಎರಡು ಉದ್ದನೆಯವು’ ಎಂದಿರಬೇಕು. ಬಾಗಿಲ ಕೀಲಿನ ಹಿಂದೆ, ಬಾಡಿ ಮೌಂಟಿನ ಕೆಳಗೆ ಸಿಗುವ ತೆಳು ಶಿಮ್ಮುಗಳನ್ನು (ಸಂದು ಸರಿಹೊಂದಿಸುವ ಬಿಲ್ಲೆಗಳನ್ನು) ಎಲ್ಲಿ ಎಷ್ಟಿದ್ದವು ಎಂದು ಎಣಿಸಿ ಬರೆದಿಡಿ. ಅವುಗಳ ಲೆಕ್ಕ ತಪ್ಪಿದರೆ ಬಾಗಿಲ ಸಂದು ಸರಿಹೊಂದಿಸುವುದರಲ್ಲೇ ತಿಂಗಳು ಕಳೆಯುತ್ತದೆ. ಬಿಚ್ಚಿದ ಬೋಲ್ಟನ್ನು ಅದರದೇ ತೂತಿಗೆ ಕೈಯಲ್ಲಿ ಎರಡು ಸುತ್ತು ತಿರುಗಿಸಿಟ್ಟರೆ ಕವರೂ ಬೇಡ. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಇನ್ನೊಂದು ಪೇಚಿದೆ: ವಿಟ್‌ವರ್ತ್ ಮತ್ತು ಬಿಎಸ್‌ಎಫ್ ಎಂಬ ಅಳತೆಯ ಬೋಲ್ಟುಗಳಲ್ಲಿ ಮರೆಯ (ಸುರುಳಿ ಗೀರಿನ, ಅಂದರೆ ಥ್ರೆಡ್ಡಿನ) ಕೋನ 55 ಡಿಗ್ರಿ, ಯುಎನ್‌ಎಫ್‌ ಎಂಬ ಇನ್ನೊಂದು ಅಳತೆಯದು 60. ಒಂದರ ಬೋಲ್ಟು ಇನ್ನೊಂದರ ನಟ್ಟಿಗೆ ಮೊದಲ ಎರಡು ಸುತ್ತು ಹೋದಂತೆ ಮಾಡುತ್ತದೆ, ಆಮೇಲೆ ಮರೆಯನ್ನೇ ತಿಂದುಹಾಕುತ್ತದೆ. ಮರೆ ಅಳೆಯುವ ಗೇಜ್ ಕೈಯಲ್ಲಿಲ್ಲದೆ ಅಂಥ ಗಾಡಿ ಮುಟ್ಟಬಾರದು.

ಬಾಡಿಯಲ್ಲಿ ಜನ ಸೋಲುವುದು ಹೆಚ್ಚಾಗಿ ಬಾಗಿಲ ಕೆಳಗಿನ ಸಿಲ್‌ನಲ್ಲಿ. ಪ್ರತ್ಯೇಕ ಚಾಸಿ ಇಲ್ಲದ ಕಾರಿನಲ್ಲಿ ಆ ಟೊಳ್ಳು ಪೆಟ್ಟಿಗೆಯೇ ಬೆನ್ನೆಲುಬು. ತುಕ್ಕು ಹಿಡಿದಿದೆ ಎಂದು ಎರಡೂ ಕಡೆ ಒಟ್ಟಿಗೆ ಕತ್ತರಿಸಿದರೆ ಬಾಡಿ ಮಧ್ಯದಲ್ಲಿ ಜಗ್ಗುತ್ತದೆ. ಹೊಸ ಸಿಲ್ ಬೆಸುಗೆ ಹಾಕಿದ ಮೇಲೆ ಬಾಗಿಲು ಮುಚ್ಚುವುದಿಲ್ಲ. ಆಗ ಉಳಿಯುವುದು ಹಾಕಿದ್ದನ್ನೇ ಮತ್ತೆ ಕತ್ತರಿಸುವುದು. ಎಷ್ಟೋ ಗಾಡಿಗಳ ಕಥೆ ಮುಗಿಯುವುದು ಇಲ್ಲಿಯೇ. ಕತ್ತರಿಸುವ ಮುನ್ನ ಬಾಗಿಲು ಕೂರಿಸಿ ಸುತ್ತಲಿನ ಸಂದನ್ನು ಅಳೆದು ಬರೆದುಕೊಳ್ಳಿ. ಆಮೇಲೆ ಬಾಗಿಲು ತೆಗೆದು, ಬಾಗಿಲು ಮುಚ್ಚಲು ತಡೆಯಾಗದಂತೆ ಆ ಚೌಕಟ್ಟಿನ ಒಳಬದಿಗೆ ಅಡ್ಡಲಾಗಿ ಮತ್ತು ಮೂಲೆಯಿಂದ ಮೂಲೆಗೆ ಚೌಕ ಕಬ್ಬಿಣದ ಪೈಪು ಬೆಸೆಯಿರಿ. ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದು ಕಡೆ. ಹೊಸ ಸಿಲ್ಲನ್ನು ಮೊದಲು ಕ್ಲಾಂಪಿನಲ್ಲಿ ಹಿಡಿಸಿ, ಬಾಗಿಲು ಮತ್ತೆ ತೂಗುಹಾಕಿ, ಮುಚ್ಚಿ ನೋಡಿ, ಸರಿ ಅನಿಸಿದರೆ ಮಾತ್ರ ವೆಲ್ಡಿಂಗ್.

ಸುಮಾರು 1 ಮಿ.ಮೀ. ತಗಡಿಗೆ 0.6 ಮಿ.ಮೀ. ವೈರಿನ ಮಿಗ್ ವೆಲ್ಡಿಂಗ್ (ವೈರನ್ನೇ ಕರಗಿಸಿ ಹಾಕುವ ಬೆಸುಗೆ) ಹೊಂದುತ್ತದೆ. ಒಂದೇ ಗೆರೆಯಲ್ಲಿ ಎಳೆದುಕೊಂಡು ಹೋದರೆ ಶಾಖಕ್ಕೆ ತಗಡು ಹಪ್ಪಳದಂತೆ ಏಳುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಟ್ಟು, ನಡುವಿನ ಜಾಗವನ್ನು ತಣಿಯಲು ಬಿಡುತ್ತ ತುಂಬಬೇಕು. ಬೇಸರದ ಕೆಲಸ ನಿಜ, ಆದರೆ ಇದನ್ನು ಅವಸರದಲ್ಲಿ ಮುಗಿಸಿದವರು ಮುಂದೆ ಪುಟ್ಟಿಯಲ್ಲಿ ಮುಚ್ಚಿಹಾಕಲು ಹೆಣಗುತ್ತಾರೆ. 3 ಮಿ.ಮೀ.ಗಿಂತ ದಪ್ಪ ಪುಟ್ಟಿ ಕಾಲಕ್ರಮದಲ್ಲಿ ಬಿರುಕು ಬಿಡುವ ಸಂಭವ ಹೆಚ್ಚು.

ಬಣ್ಣ ಕೆರೆಯುವಾಗಲೂ ಇದೇ ಶಿಸ್ತು. ಇಡೀ ಬಾಡಿ ಕೆರೆದು ಬರಿ ತಗಡು ಮಾಡಿ ‘ಮುಂದಿನ ವಾರ ಪ್ರೈಮರ್’ ಎಂದರೆ, ತೇವದ ಗಾಳಿಯಲ್ಲಿ ಒಂದೇ ರಾತ್ರಿಗೆ ಕಿತ್ತಳೆ ಬಣ್ಣದ ಪೊರೆ ಬಂದಿರುತ್ತದೆ. ಸಂಜೆಯೊಳಗೆ ಎಷ್ಟಕ್ಕೆ ಎಪಾಕ್ಸಿ ಪ್ರೈಮರ್ ಹೊಡೆಯಬಹುದೋ ಅಷ್ಟನ್ನೇ ಬೆಳಿಗ್ಗೆ ಕೆರೆಯಿರಿ. ಸಾಧಾರಣ ಪ್ರೈಮರ್ ತೇವ ಹೀರಿಕೊಳ್ಳುತ್ತದೆ. ಅದನ್ನು ಬಳಿದ ಬಾಡಿಯನ್ನು ಮಳೆಗಾಲವಿಡೀ ಹಾಗೇ ಬಿಟ್ಟರೆ ಒಳಗೊಳಗೇ ತುಕ್ಕು ಓಡುತ್ತದೆ, ಮೇಲೆ ಗೊತ್ತೇ ಆಗುವುದಿಲ್ಲ. ಇನ್ನು ಹಾರ್ಡನರ್ ಬೆರೆಸಿ ಹೊಡೆಯುವ ಟೂ-ಕೆ ಬಣ್ಣವಿದೆ, ಆ ಹಾರ್ಡನರಿನಲ್ಲಿ ಐಸೋಸಯನೇಟ್ ಎಂಬ ವಿಷಕಾರಿ ರಾಸಾಯನಿಕ ಇರುತ್ತದೆ. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಅದನ್ನು ಸ್ಪ್ರೇ ಮಾಡುವುದು ಪುಪ್ಪುಸದ ಜೊತೆ ಆಟ. ಹೊರಗಿನ ಶುದ್ಧ ಗಾಳಿ ಪೂರೈಸುವ ಮುಸುಕಿಲ್ಲದಿದ್ದರೆ ಆ ಕೆಲಸವನ್ನು ಪೇಂಟರಿಗೆ ಬಿಟ್ಟುಬಿಡಿ.

ಜೇಬು ಮತ್ತು ಉತ್ಸಾಹ ಎರಡನ್ನೂ ಒಟ್ಟಿಗೆ ಖಾಲಿ ಮಾಡುವ ಒಂದು ಮಾತಿದೆ: ‘ಹೇಗೂ ಬಿಚ್ಚಿದ್ದಾಯಿತಲ್ಲ’. ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸುತ್ತಾರೆ. ಹೇಗೂ ಇಳಿಸಿದ್ದಾಯಿತಲ್ಲ, ಬೇರಿಂಗ್ ನೋಡೋಣ. ಹೇಗೂ ತೆರೆದಿದ್ದಾಯಿತಲ್ಲ, ಸಿಂಕ್ರೊ ರಿಂಗ್ ಹಾಕಿಬಿಡೋಣ. ಎಂಜಿನ್ನೂ ಇಳಿಸಿದರೆ ಎಂಜಿನ್ ಬೇ (ಎಂಜಿನ್ ಕೂರುವ ಗೂಡು) ಬಣ್ಣ ಮಾಡಬಹುದಲ್ಲ! ಒಂದು ತಿಂಗಳ ಕೆಲಸ ಎರಡು ವರ್ಷಕ್ಕೆ ಹಿಗ್ಗುವುದು ಹೀಗೆ. ಗೆರೆ ಎಳೆಯಲು ಒಂದು ಪ್ರಶ್ನೆ ಸಾಕು: ಇದನ್ನು ಈಗ ಮಾಡದಿದ್ದರೆ ಮುಂದೆ ಇದೇ ಭಾಗವನ್ನು ಮತ್ತೆ ಇಳಿಸಬೇಕಾಗುತ್ತದೆಯೇ? ಹೌದಾದರೆ ಮಾಡಿ. ಗೇರ್‌ಬಾಕ್ಸ್ ಇಳಿದಿದ್ದಾಗ ಕ್ಲಚ್ ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಬದಲಿಸುವುದು ಜಾಣತನ. ಎಂಜಿನ್ ಬೇ ಬಣ್ಣ ಬೇರೊಂದು ಪಟ್ಟಿಗೆ ಹೋಗಲಿ.

ಎಂಜಿನ್ ಕೆಲಸದಲ್ಲಿ ಕ್ರಮ ತಪ್ಪಿದರೆ ದಂಡ ಜೋರು. ಸಿಲಿಂಡರಿನ ಸವೆತವನ್ನು ಪಿಸ್ಟನ್ನಿನ ಮೇಲಿನ ರಿಂಗ್ ಮೇಲಕ್ಕೆ ಹೋಗಿ ಹಿಂದಿರುಗುವ ಜಾಗದಲ್ಲಿ ಎರಡು ದಿಕ್ಕಿಗೆ ಅಳೆಸಿ, ಯಾವ ಓವರ್‌ಸೈಜ್ (ಮೂಲಕ್ಕಿಂತ ದೊಡ್ಡ ಅಳತೆ) ಎಂದು ತೀರ್ಮಾನಿಸಿ, ಆ ಅಳತೆಯ ಪಿಸ್ಟನ್ ಮತ್ತು ರಿಂಗ್ ಕೈಗೆ ಬಂದ ಮೇಲೆಯೇ ಬ್ಲಾಕನ್ನು ಬೋರಿಂಗಿಗೆ, ಅಂದರೆ ಸಿಲಿಂಡರ್ ಕೊರೆದು ಹಿಗ್ಗಿಸಲು, ಕೊಡಿ. ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕುವವರು, ಆ ಸೈಜು ಎಲ್ಲೂ ಸಿಗದೆ, ಕೊನೆಗೆ ಸಿಲಿಂಡರಿಗೆ ಸ್ಲೀವ್ (ಒಳಕೊಳವೆ) ಹಾಕಿಸಿ ಎರಡು ಸಲ ದುಡ್ಡು ತೆರುತ್ತಾರೆ.

ನಮ್ಮನ್ನು ಕೇಳಿದರೆ ಉತ್ಸಾಹಕ್ಕೆ ಎಲ್ಲಕ್ಕಿಂತ ದೊಡ್ಡ ಟಾನಿಕ್ ಎಂಜಿನ್ನಿನ ಸದ್ದು. ಬಣ್ಣಕ್ಕೆ ಕಾಯದೆ, ಆದಷ್ಟು ಬೇಗ, ಬೇಕಿದ್ದರೆ ಬಾಡಿ ಇಲ್ಲದ ಚಾಸಿಯ ಮೇಲೆಯೇ ಅದನ್ನು ಕೇಳಿಸಿಕೊಳ್ಳಬೇಕು. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ನೇರವಾಗಿ ಸೆಲ್ಫ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಎರಡು ಮೂರು ಚಮಚ ತೆಳು ಎಣ್ಣೆ ಬಿಟ್ಟು ಎರಡು ದಿನ ನೆನೆಯಲು ಬಿಡಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಮೆಲ್ಲನೆ ಹಿಂದೆ ಮುಂದೆ ಅಲುಗಿಸಿ. ಉದ್ದ ಪೈಪು ಸಿಕ್ಕಿಸಿ ಮೀಟುವ ಹುಂಬತನ ಬೇಡ. ರಾಕರ್ ಕವರ್ ತೆಗೆದು ಒಬ್ಬರು ನೋಡುತ್ತಿರಬೇಕು, ಒಳಕ್ಕೆ ಹೋದ ವಾಲ್ವುಗಳೆಲ್ಲ ವಾಪಸ್ ಬರುತ್ತಿವೆಯೇ ಎಂದು. ಒಂದು ಅಂಟಿಕೊಂಡಿದ್ದರೂ ಅದನ್ನು ತಳ್ಳುವ ಪುಶ್ ರಾಡ್ ಬಗ್ಗಬಹುದು. ಸಲೀಸಾಗಿ ತಿರುಗಿದರೆ ಆಯಿಲ್, ಫಿಲ್ಟರ್ ಬದಲಿಸಿ, ಪ್ಲಗ್ ಇಲ್ಲದೆಯೇ ಸೆಲ್ಫಿನಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ತಿರುಗಿಸಿ ಆಯಿಲ್ ಪ್ರೆಷರ್ ಬರುವುದನ್ನು ನೋಡಿ. ಕಿಡಿ ಹುಟ್ಟಿಸುವ ಇಗ್ನಿಷನ್ ಪಾಯಿಂಟ್ ಉಜ್ಜಿ, ತಯಾರಕರು ಹೇಳಿದ ಅಂತರ ಇಡಿ. ಹಲವು ಗಾಡಿಗಳಲ್ಲಿ ಅದು 0.4 ಮಿ.ಮೀ. ಆಸುಪಾಸು. ಪೆಟ್ರೋಲ್ ಹಳೆಯ ಟ್ಯಾಂಕಿನಿಂದ ಬೇಡ, ಅದರ ತಳದ ರಾಡಿ ಕಾರ್ಬುರೇಟರಿನ ಜೆಟ್ಟುಗಳಿಗೆ ಸೇರುತ್ತದೆ. ಮೇಲೆ ತೂಗುಹಾಕಿದ ಸಣ್ಣ ಕ್ಯಾನ್ ಸಾಕು. ಬಯಲಲ್ಲಿ, ಪಕ್ಕದಲ್ಲಿ ಅಗ್ನಿಶಾಮಕ ಇಟ್ಟುಕೊಂಡು ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆಗಿ ಕೆಲವು ಸೆಕೆಂಡಿನಲ್ಲಿ ಪ್ರೆಷರ್ ಏಳದಿದ್ದರೆ ತಕ್ಷಣ ಆಫ್. ಗುಡುಗುಡು ಎಂದು ಹೊಗೆಯುಗುಳಿ ಅದು ಓಡಿದ ಆ ಒಂದು ನಿಮಿಷ ಮುಂದಿನ ಆರು ತಿಂಗಳ ಉಜ್ಜಾಟಕ್ಕೆ ಸಾಕಾಗುತ್ತದೆ. ‘ಈ ಹಳೇ ಕಬ್ಬಿಣ ಯಾವಾಗ ಹೊರಗೆ ಹಾಕ್ತೀರಿ’ ಎನ್ನುತ್ತಿದ್ದ ಮನೆಮಂದಿಯೂ ಅಂದು ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಖರ್ಚಿನ ಅಂದಾಜನ್ನು ಬಿಡಿಭಾಗ, ಹೊರಗೆ ಮಾಡಿಸುವ ಕೆಲಸ, ಸಲಕರಣೆ ಎಂದು ಮೂರು ಪಟ್ಟಿಯಾಗಿ ಬರೆಯಿರಿ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಡಿಸ್ಕು, ಎಮರಿ ಪೇಪರ್, ಗ್ಯಾಸು, ಥಿನ್ನರ್ ಸದ್ದಿಲ್ಲದೆ ತಿನ್ನುವ ದುಡ್ಡು ಕಡಿಮೆಯಲ್ಲ. ಬಂದ ಒಟ್ಟು ಮೊತ್ತಕ್ಕೆ ಅದರ ಮೂರನೇ ಒಂದು ಭಾಗ ಸೇರಿಸಿ. ಹೊಳೆಯುವ ವಸ್ತುಗಳನ್ನು ಮೊದಲೇ ಕೊಳ್ಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಟೈರನ್ನೇ ನೋಡಿ: ಅದರ ಪಕ್ಕದ ಕೋಡಿನ ಕೊನೆಯ ನಾಲ್ಕು ಅಂಕಿ ಹುಟ್ಟಿದ ವಾರ ಮತ್ತು ವರ್ಷ, 2319 ಎಂದರೆ 2019ರ 23ನೇ ವಾರ. ಇಂದು ಕೊಂಡು ಆರು ವರ್ಷದ ನಂತರ ರಸ್ತೆಗಿಳಿಸಿದರೆ ಒಂದು ಕಿ.ಮೀ. ಓಡದೆಯೇ ಅದಕ್ಕೆ ವಯಸ್ಸಾಗಿರುತ್ತದೆ. ಬೀಡಿಂಗ್ ರಬ್ಬರ್, ಬ್ಯಾಟರಿಯದೂ ಇದೇ ಪಾಡು. ಮೂಲೆಯಲ್ಲಿ ಕೂತ ಹೊಸ ಡೈನಮೋ ಕೆಟ್ಟದ್ದು ಎಂದು ತಿಳಿಯುವ ಹೊತ್ತಿಗೆ ವಾರಂಟಿ ಮುಗಿದಿರುತ್ತದೆ. ಮುಂದಿನ ಎರಡು ತಿಂಗಳಲ್ಲಿ ಗಾಡಿಗೆ ಕೂರುವಂಥದ್ದನ್ನು ಮಾತ್ರ ಕೊಳ್ಳಿ. ದಿನ ಕಳೆದಂತೆ ಸಿಗದೇ ಹೋಗುವ ಅಪರೂಪದ ಭಾಗಗಳ ಮಾತು ಬೇರೆ.

ಕೈ ಬರಿದಾದ ತಿಂಗಳುಗಳಿಗೆಂದೇ ಕೆಲಸ ಎತ್ತಿಟ್ಟಿರಬೇಕು. ಸಣ್ಣ ಬ್ರಾಕೆಟ್ಟುಗಳನ್ನು ರಾತ್ರಿ ವಿನೆಗರಿನಲ್ಲಿ ಮುಳುಗಿಸಿ, ಬೆಳಿಗ್ಗೆ ಅಡಿಗೆ ಸೋಡಾ ನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿದರೆ ತುಕ್ಕು ಬಿಟ್ಟಿರುತ್ತದೆ. ವೈಪರ್ ಮೋಟಾರ್, ಹಾರ್ನ್, ಬಾಗಿಲ ಲಾಕ್, ಕಾರ್ಬುರೇಟರ್ ಇವೆಲ್ಲ ಮೇಜಿನ ಮೇಲೆ ಎರಡು ಸಂಜೆಯಲ್ಲಿ ಮುಗಿಯುವಂಥವು. ಮುಗಿದದ್ದನ್ನು ಕವರಿನಲ್ಲಿ ಕಟ್ಟಿ ಕಣ್ಣಿಗೆ ಬೀಳುವ ಕಪಾಟಿನಲ್ಲಿ ಸಾಲಾಗಿಡಿ. ಹೊರಗಿನ ಕೆಲಸವನ್ನೂ ಇದಕ್ಕೆ ಹೊಂದಿಸಿ: ಬ್ಲಾಕ್ ಬೋರಿಂಗಿಗೆ ಹೋಗಿದ್ದಾಗ ನೀವು ಗೇರ್‌ಬಾಕ್ಸ್ ತೊಳೆಯುತ್ತಿರಬೇಕು. ಕ್ರೋಮಿಗೆ ಕೊಡುವ ಮುನ್ನ ಎಲ್ಲವನ್ನೂ ಎಣಿಸಿ ಫೋಟೊ ತೆಗೆದಿಡಿ, ಸಣ್ಣ ಸ್ಕ್ರೂಗಳು ಕ್ರೋಮ್ ಲೇಪಿಸುವ ಟ್ಯಾಂಕಿನ ತಳ ಸೇರುವುದು ಮಾಮೂಲು.

ಎಲ್ಲವನ್ನೂ ಹೊಸದು ಮಾಡಲೇಬೇಕೆಂಬ ಹಟವೂ ಒಂದು ಹೊರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಒಪ್ಪಿಕೊಂಡಿರುವ ಟ್ಯೂರಿನ್ ಚಾರ್ಟರ್ ಎಂಬ ಸನ್ನದು ಇದ್ದುದನ್ನು ಉಳಿಸಿಕೊಳ್ಳುವುದಕ್ಕೂ ಪೂರ್ತಿ ಪುನರುಜ್ಜೀವನಕ್ಕೂ ನಡುವೆ ಗೆರೆ ಎಳೆದು, ಉಳಿಸುವುದರ ಕಡೆಗೇ ಒಲಿಯುತ್ತದೆ. ಮಾಸಿದರೂ ಹರಿಯದ ಸೀಟಿನ ಚರ್ಮ, ಗೀಚಿದರೂ ಗಟ್ಟಿಯಾಗಿರುವ ಕಾರ್ಖಾನೆಯ ಬಣ್ಣ ಹಾಗೇ ಉಳಿಯಲಿ. ಕೆಲಸ ಕಡಿಮೆಯಾಗುತ್ತದೆ, ಗಾಡಿಯ ಚರಿತ್ರೆಯೂ ಉಳಿಯುತ್ತದೆ. ಬ್ರೇಕ್, ಸ್ಟೀರಿಂಗ್, ವೈರಿಂಗ್, ಪೆಟ್ರೋಲ್ ಪೈಪುಗಳಲ್ಲಿ ಮಾತ್ರ ಈ ಉದಾರತೆ ಸಲ್ಲದು. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಮೆತ್ತಗಾಗಿಸಿ ಸೀಳುತ್ತದೆ, ಬಿಸಿ ಎಂಜಿನ್ನಿನ ಮೇಲೆ ಸೋರಿದರೆ ಬೆಂಕಿಯೇ.

ದಿನದ ಅಭ್ಯಾಸದ ಬಗ್ಗೆ ಹೇಳುವುದು ಕಡಿಮೆ. ಕೆಲಸ ನಿಲ್ಲಿಸುವ ಮುನ್ನ ನಾಳೆ ಮೊದಲು ಮಾಡಬೇಕಾದದ್ದನ್ನು ಚೀಟಿಯಲ್ಲಿ ಬರೆದು, ಅದಕ್ಕೆ ಬೇಕಾದ ಸ್ಪ್ಯಾನರನ್ನು ಅದರ ಮೇಲಿಟ್ಟು ಹೋಗಿ. ದಣಿದ ಸಂಜೆ ಇಪ್ಪತ್ತೇ ನಿಮಿಷ ಸಿಕ್ಕರೂ ಹುಡುಕಾಟದಲ್ಲಿ ಕಳೆಯುವುದಿಲ್ಲ. ಬೋಲ್ಟು ಮುರಿದ ದಿನ ಅಲ್ಲಿಗೇ ನಿಲ್ಲಿಸಿ. ಸಿಟ್ಟಿನಲ್ಲಿ ಡ್ರಿಲ್ ಹಿಡಿದರೆ ಬಿಟ್ ವಾರೆಯಾಗಿ ಇಳಿಯುತ್ತದೆ.

ನಿಜಕ್ಕೂ ವರ್ಷದ ಮಟ್ಟಿಗೆ ನಿಲ್ಲಿಸಬೇಕಾಗಿ ಬಂದರೆ ನಾಚಿಕೆಪಡುವಂಥದ್ದೇನಿಲ್ಲ, ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ ಅಷ್ಟೆ. ಬರಿ ತಗಡು ಎಲ್ಲೂ ಉಳಿಯದಿರಲಿ. ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು ಪ್ಲಗ್ ಮುಚ್ಚಿ, ಕಾರ್ಬುರೇಟರ್ ಬರಿದು ಮಾಡಿ. ಕ್ಲಚ್ ಪೆಡಲನ್ನು ಮರದ ತುಂಡಿನಿಂದ ಒತ್ತಿ ನಿಲ್ಲಿಸಿದರೆ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಳ್ಳದು. ಬ್ಯಾಟರಿ ತೆಗೆದು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಪ್ಲಾಸ್ಟಿಕ್ ಹಾಳೆ ತೇವ ಹಿಡಿದಿಡುತ್ತದೆ, ಗಾಳಿಯಾಡುವ ಬಟ್ಟೆಯನ್ನೇ ಹೊದಿಸಿ. ಹ್ಯಾಂಡ್ ಬ್ರೇಕ್ ಹಾಕಬೇಡಿ, ಗಾಲಿಗೆ ಅಡ್ಡಗಟ್ಟೆ ಕೊಡಿ. ಕೊನೆಗೆ ಸ್ಟೀರಿಂಗಿಗೆ ಒಂದು ರಟ್ಟು ಕಟ್ಟಿ: ರೇಡಿಯೇಟರಿನಲ್ಲಿ ನೀರಿಲ್ಲ, ಎಡ ಹಿಂದಿನ ಬ್ರೇಕ್ ಪೈಪು ಬಿಗಿ ಮಾಡಿಲ್ಲ, ಡಿಫರೆನ್ಷಿಯಲ್ಲಿಗೆ ಎಣ್ಣೆ ಹಾಕಿಲ್ಲ, ಮುಂದಿನ ಕೆಲಸ ಬಲಗಡೆ ಬಾಗಿಲ ಕೀಲು.

ಇತಿ,
ಹಳೆಯ ಗಾಡಿಗಳ ಕೆಲಸ ಬಲ್ಲ ಕೆಲವು ಓದುಗರು