ಬಾಟನಿಗೊಂದು ಪತ್ರ, ನೀಲಿ ಹೂವಿನ ನೆಪದಲ್ಲಿ

ಲೋ ಬಾಟನಿ,

ಜಯನಗರದ ಮನೆ ಹಿತ್ತಲಲ್ಲಿ ಕೊನೆಗೂ ಕೊಳ ಆಯ್ತು. ಕೊಳ ಅಂದರೆ ಹಳೇ ಸಿಮೆಂಟ್ ತೊಟ್ಟಿ. ನಗಬೇಡ. ನಾಲ್ಕು ಗಪ್ಪಿ ಮೀನು ಬಿಟ್ಟಿದ್ದೆ, ಈಗ ಲೆಕ್ಕಕ್ಕೆ ಸಿಗುತ್ತಿಲ್ಲ.

ಅಂಚಿಗೆ ನೀಲಿ ಹೂವೇ ಬೇಕು ಅಂತ ನನ್ನ ಹಠ. ನರ್ಸರಿಯಲ್ಲಿ ನೀಲಿ ಕೇಳಿದರೆ ನೇರಳೆ ತೋರಿಸುತ್ತಾರೆ. ಅಲೆದು ಅಲೆದು ಪಿಕರೆಲ್ ವೀಡ್ ತಂದೆ. ಕುಂಡದ ಮಣ್ಣಿನ ಮೇಲೆ 3-4 ಇಂಚು ನೀರು ನಿಂತರೆ ಸಾಕು, ಬಿಸಿಲು ಮಾತ್ರ ಚೆನ್ನಾಗಿ ಬೀಳಬೇಕು. ವೀಳ್ಯದೆಲೆಯ ಅಣ್ಣನಂಥ ಎಲೆ, ತುದಿಯಲ್ಲಿ ತೆನೆ ಹಾಗೆ ಒತ್ತೊತ್ತಾಗಿ ಹೂವು.

ಅದರ ಫೋಟೋ ಹಾಕಿ ‘ನಮ್ಮನೆ ವಾಟರ್ ಹಯಸಿಂತ್’ ಅಂತ ಬರೆದೆ. ಆ ಕಳೆ ಬೆಳ್ಳಂದೂರು ಕೆರೆಯನ್ನ ಮುಚ್ಚಿದ್ದು ಸಾಲದಾ ಅಂತ ಎಲ್ಲರೂ ಬೈದರು. ಎರಡೂ ದಾಯಾದಿಗಳೇ. ಮೇಲಿನ ಎಸಳಲ್ಲಿ ಅರಿಶಿನದ ಬೊಟ್ಟು ಎರಡಕ್ಕೂ ಇರುತ್ತದೆ. ಹೂವು ನೋಡಿದರೆ ಮೋಸ ಹೋಗುತ್ತೀವಿ, ಎಲೆಯ ತೊಟ್ಟು ಹಿಡಿದು ನೋಡಬೇಕು. ಹಯಸಿಂತ್ ತೊಟ್ಟು ಊದಿಕೊಂಡು, ಒಳಗೆ ಗಾಳಿ ತುಂಬಿಕೊಂಡು ತೇಲುತ್ತದೆ. ಪಿಕರೆಲ್ ಕೆಸರಲ್ಲಿ ಬೇರೂರಿ ನೆಟ್ಟಗೆ ನಿಲ್ಲುತ್ತದೆ. ಇಷ್ಟೂ ಗೊತ್ತಿಲ್ಲ ಅಂದ್ಕೊಂಡ್ಯಾ? ಹೆಸರಘಟ್ಟದ ಕೆರೆ ಏರಿ ಮೇಲೆ ನೀನೇ ಹೇಳಿಕೊಟ್ಟಿದ್ದಲ್ವಾ, ಆ ಕಡಲೆಕಾಯಿ ಪೊಟ್ಟಣದ ದಿನ.

ಬೇಕಂತಲೇ ತಪ್ಪು ಬರೆದೆ ಕಣೋ. ಮೊದಲೆಲ್ಲ ನಾನು ಗಿಡದ ಹೆಸರು ತಪ್ಪು ಹೇಳಿದರೆ ಹತ್ತೇ ನಿಮಿಷಕ್ಕೆ ಫೋನ್ ಮಾಡಿ ಉಗಿಯುತ್ತಿದ್ದವನು ನೀನು. ನಾಲ್ಕು ದಿನ ಕಾದೆ. ನೀನು ನೋಡಿದ್ದೀಯ ಅಂತ ಫೋನೇ ತೋರಿಸುತ್ತಿತ್ತು. ರಾತ್ರಿ ಎದ್ದೆದ್ದು ನೋಡಿದೆ. “ಮೀನು ಏನಾದ್ರೂ ಸತ್ತಿದ್ಯಾ?” ಅಂತ ಇವಳು ಕೇಳಿದಳು. ಹೂಂ ಅಂದುಬಿಟ್ಟೆ. ನಾನು ತಪ್ಪು ಹೇಳಿದರೂ ನಿನಗೆ ಸಿಟ್ಟು ಬರುತ್ತಿಲ್ಲ ಅನ್ನೋದನ್ನ ಅವಳಿಗೆ ಹೇಗೆ ಹೇಳಲಿ?

ಸರಿ, ಜಾಸ್ತಿ ಆಯ್ತು. ಗಿಡದ ಟಿಪ್ಸ್‌ಗೆ ಅಂತ ಬಂದವರು ಪಾಪ ಕಾಯುತ್ತಿದ್ದಾರೆ. ಸ್ವಾಮಿ, ಸುಮ್ನೆ ದುಡ್ಡು ಸುರಿಯಬೇಡಿ. ತೊಟ್ಟಿ ಪಕ್ಕ ತೇವ ಇದ್ದರೆ ಕನ್ನೆ ಸೊಪ್ಪು ತಾನೇ ಬರುತ್ತದೆ. ನೀಲಿ ಅಂದರೆ ಅದು. ಮಧ್ಯಾಹ್ನದ ಹೊತ್ತಿಗೆ ಮುದುಡಿ ಹೋಗುತ್ತದೆ, ಆದ್ದರಿಂದ ಬಾಟನಿ ಜನ್ಮದಲ್ಲಿ ಅದನ್ನು ನೋಡಿರಲಿಕ್ಕಿಲ್ಲ.

ಅದರ ಪಕ್ಕ ಇನ್ನೊಂದು ಸಣ್ಣ ಗಿಡ ಎದ್ದಿದೆ. ‘ಬ್ರಾಹ್ಮಿ’ ಅಂತ ಚೀಟಿ ಬರೆದು ಚುಚ್ಚಿದ್ದೇನೆ. ನಾಳೆ ಫೋಟೋ ಹಾಕುತ್ತೇನೆ.

ಅದು ಬ್ರಾಹ್ಮಿ ಅಲ್ಲ.