ಹಳೆ ಕಾರನ್ನು ಎಂಜಿನ್ ತಣ್ಣಗಿದ್ದಾಗಲೇ ನೋಡಿ

ಮಾನ್ಯ ಸಂಪಾದಕರೇ,

ಕಡಿಮೆ ಬೆಲೆಗೆ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಪತ್ರಿಕೆಗಳಲ್ಲಿ ಬರುವ ಸಲಹೆ ಹೆಚ್ಚಾಗಿ ಕಾಗದಪತ್ರ, ಓಡಿದ ಕಿಲೋಮೀಟರ್, ಹೊರಗಿನ ಬಣ್ಣ ಇಷ್ಟಕ್ಕೇ ನಿಂತುಬಿಡುತ್ತದೆ. ಆದರೆ ಕೊಂಡವರ ಕೈ ಸುಡುವುದು ಎಂಜಿನ್ ಮತ್ತು ಗೇರ್‌ಬಾಕ್ಸ್‌ನಲ್ಲಿ. ಅಗ್ಗದ ಕಾರು ಎಂದಮೇಲೆ ಏನಾದರೊಂದು ದೋಷ ಇದ್ದೇ ಇರುತ್ತದೆ. ಆ ದೋಷ ಎಂಥದ್ದು ಎಂದು ಕೊಳ್ಳುವ ಮೊದಲೇ ತಿಳಿದುಕೊಳ್ಳಬೇಕು. ಎಂಜಿನ್ ತಣ್ಣಗಿರುವಾಗ ಹೋಗಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನಾವು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿಡಬೇಕು. ಹೋದ ಕೂಡಲೇ ಬಾನೆಟ್ ಎತ್ತಿಸಿ, ರೇಡಿಯೇಟರ್‌ನ ಮೇಲಿನ ಹೋಸ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಎಂದು ಹೇಳಿ ಹೊರಡುವುದೇ ಸರಿ. ಸವೆದ ಎಂಜಿನ್ ಬಿಸಿಯಾದ ಮೇಲೆ ಎಷ್ಟೋ ಸಲ ಚೆನ್ನಾಗಿಯೇ ಓಡುತ್ತದೆ. ಅದರ ಬಣ್ಣ ಬಯಲಾಗುವುದು ರಾತ್ರಿಯಿಡೀ ನಿಂತ ಮೇಲಿನ ಮೊದಲ ಸ್ಟಾರ್ಟ್‌ನಲ್ಲಿ. ವಾಲ್ವ್ ಸೀಲ್ (ಎಂಜಿನ್ ಮೇಲ್ಭಾಗದ ಆಯಿಲ್ ಕೆಳಗೆ ಸೋರದಂತೆ ತಡೆಯುವ ರಬ್ಬರ್ ಬಳೆ) ಗಟ್ಟಿಯಾಗಿದ್ದರೆ ನಿಂತಾಗ ಆಯಿಲ್ ಇಂಧನ ಉರಿಯುವ ಸಿಲಿಂಡರ್‌ಗೆ ಇಳಿದು ಕೂತಿರುತ್ತದೆ, ಕೀ ತಿರುಗಿಸಿದ ಮೊದಲ ಕೆಲವು ಸೆಕೆಂಡು ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ. ಅದೇ ನೀಲಿ ಹೊಗೆ ಓಡುವಾಗ, ಆಕ್ಸಿಲರೇಟರ್ ಒತ್ತಿದಾಗೆಲ್ಲ ಬಂದರೆ ಪಿಸ್ಟನ್ ರಿಂಗ್ (ಸಿಲಿಂಡರ್ ಒಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ ಸುತ್ತಲಿನ ಬಳೆ) ಸವೆದಿದೆ ಎಂದು ಅನುಮಾನಿಸಬೇಕು. ಸೀಲ್ ಬದಲಿಸುವುದು ಒಂದು ಖರ್ಚು, ಎಂಜಿನ್ ಬಿಚ್ಚಿ ರಿಂಗ್ ಹಾಕಿಸುವುದು ಅದರ ಹಲವು ಪಟ್ಟು.

ಸ್ಟಾರ್ಟ್ ಮಾಡುವ ಮುಂಚೆ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ತಣ್ಣಗಿದ್ದಾಗ ಮಾತ್ರ, ಬಿಸಿಯಿದ್ದಾಗ ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ತನ್ನ ಬಣ್ಣದಲ್ಲೇ ತಿಳಿಯಾಗಿರಬೇಕು. ತುಕ್ಕಿನ ಬಣ್ಣ ಇದ್ದರೆ ಬರೀ ನೀರು ಹಾಕಿ ಓಡಿಸಿರಬಹುದು. ಮೇಲೆ ಜಿಡ್ಡು ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವಿನ, ಸೋರಿಕೆ ತಡೆಯುವ ಪದರ) ಹೋಗಿರಬಹುದು. ನಂತರ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅದರ ಒಳಮೈ ನೋಡಿ: ಹಾಲು ಹೆಚ್ಚಾದ ಕಾಫಿ ಬಣ್ಣದ ಕೆನೆಯಂಥ ಲೋಳೆ ಅಂಟಿದ್ದರೆ ಆಯಿಲ್‌ಗೆ ನೀರು ಸೇರಿದೆ. ಚಳಿಯಲ್ಲಿ ಬರೀ ಹತ್ತಿರದ ಓಡಾಟಕ್ಕೆ ಬಳಸಿದ ಗಾಡಿಯಲ್ಲಿ ಮುಚ್ಚಳದ ಕೆಳಗೆ ತೆಳ್ಳಗೆ ಹೀಗೆ ಕಟ್ಟುವುದುಂಟು. ಹಾಗಾಗಿ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಕೂಡ ತೆಗೆದು ನೋಡಿ. ಅಲ್ಲೂ ಅದೇ ಲೋಳೆ ಕಂಡರೆ ಆ ಕಾರು ಬೇಡ. ಇಷ್ಟಾದ ಮೇಲೆ ರೇಡಿಯೇಟರ್ ಮುಚ್ಚಳ ತೆರೆದೇ ಇಟ್ಟು ಸ್ಟಾರ್ಟ್ ಮಾಡಿಸಿ, ಒಂದೆರಡು ನಿಮಿಷ ದೂರದಿಂದ ಗಮನಿಸಿ. ಮೊದಲು ನಾಲ್ಕು ಗುಳ್ಳೆ ಬಂದು ನಿಂತರೆ ಅದು ಒಳಗಿದ್ದ ಗಾಳಿ. ನಿಲ್ಲದೆ ಬರುತ್ತಾ, ರೇಸ್ ಮಾಡಿದಾಗ ಹೆಚ್ಚಾದರೆ ಸಿಲಿಂಡರ್‌ನ ಗ್ಯಾಸ್ ಕೂಲಂಟ್‌ಗೆ ನುಗ್ಗುತ್ತಿದೆ. ಸೈಲೆನ್ಸರ್‌ನ ಬಿಳಿ ಹೊಗೆಯೂ ಹಾಗೆಯೇ: ಬೆಳಗಿನ ಆವಿಯಾದರೆ ಎಂಜಿನ್ ಬಿಸಿಯಾದಂತೆ ಮಾಯವಾಗುತ್ತದೆ, ಸಿಹಿ ವಾಸನೆಯೊಂದಿಗೆ ಬರುತ್ತಲೇ ಇದ್ದರೆ ಕೂಲಂಟ್ ಉರಿಯುತ್ತಿದೆ.

ಅನುಮಾನ ಉಳಿದರೆ ಮೆಕ್ಯಾನಿಕ್ ಕೈಯಲ್ಲಿ ಕಂಪ್ರೆಷನ್ ಪರೀಕ್ಷೆ (ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂದು ಅಳೆಯುವುದು) ಮಾಡಿಸಿ. ಎಲ್ಲ ಪ್ಲಗ್ ಬಿಚ್ಚಿ, ಇಂಧನ ಮತ್ತು ಇಗ್ನಿಷನ್ ಕಡಿತಗೊಳಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಒಂದೊಂದೇ ಸಿಲಿಂಡರ್ ಅಳೆಯುತ್ತಾರೆ. ಪೆಟ್ರೋಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು ಇರುತ್ತದೆ. ಆದರೆ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಅದು ಶೇ 10–15 ದಾಟಬಾರದು. ಕಡಿಮೆ ತೋರಿಸಿದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಏರಿದರೆ ರಿಂಗ್ ಸವೆತ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಎಂದರೆ ಬಲ್ಬನ್ನೇ ಕಿತ್ತಿರುವ ಸಾಧ್ಯತೆಯಿದೆ. ಕಾರಿನ ಕಂಪ್ಯೂಟರ್‌ಗೆ ಸ್ಕ್ಯಾನರ್ ಹಾಕಿದಾಗ ದೋಷ ಸೂಚಿಸುವ ಕೋಡ್ ಒಂದೂ ಇಲ್ಲದಿದ್ದರೂ ಹಿಗ್ಗಬೇಡಿ. ರೆಡಿನೆಸ್ ಮಾನಿಟರ್‌ಗಳು (ಕಾರಿನ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ತಪಾಸಣೆಗಳು) ಅಪೂರ್ಣ ಎಂದು ತೋರಿಸಿದರೆ, ನೀವು ಬರುವ ಸ್ವಲ್ಪ ಮೊದಲು ಕೋಡ್ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಬಿಚ್ಚಿ ಹಾಕಿರಬಹುದು.

ಓಡಿಸಿ ನೋಡುವುದು ಬೀದಿಯ ಕೊನೆಯವರೆಗಲ್ಲ, ಕನಿಷ್ಠ ಅರ್ಧ ಗಂಟೆ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದು ಅಲ್ಲೇ ನಿಲ್ಲಬೇಕು. ಚೆನ್ನಾಗಿ ಬಿಸಿಯಾದ ಮೇಲೆ ಗಾಡಿ ನಿಲ್ಲಿಸಿ ಐಡ್ಲಿಂಗ್‌ನಲ್ಲಿ ಬಿಟ್ಟಾಗ ಆಯಿಲ್ ದೀಪ ಮಿಣುಕಿದರೆ, ಅಥವಾ ರೇಸ್ ಕೊಟ್ಟಾಗ ಕೆಳಗಿನಿಂದ ಸುತ್ತಿಗೆ ಬಡಿದಂಥ ಮಂದ ಸದ್ದು ಬಂದರೆ ಎಂಜಿನ್ ಒಳಗಿನ ಬೇರಿಂಗ್ ಸವೆದಿರಬಹುದು. ಮೇಲಿನಿಂದ ಬರುವ ಟಿಕ್ ಟಿಕ್ ಸದ್ದಿಗೆ ಅಷ್ಟು ಹೆದರಬೇಕಿಲ್ಲ, ಟ್ಯಾಪೆಟ್ ಸೆಟ್ಟಿಂಗ್‌ನಲ್ಲೇ (ವಾಲ್ವ್‌ಗಳ ಸಂದು ಸರಿಮಾಡುವುದು) ಸರಿಹೋಗಬಹುದು. ಟಾಪ್ ಗೇರ್‌ನಲ್ಲಿ ನಿಧಾನ ಹೋಗುವಾಗ ಒಮ್ಮೆಲೇ ಆಕ್ಸಿಲರೇಟರ್ ಒತ್ತಿ; ಎಂಜಿನ್ ಕೂಗಿದರೂ ವೇಗ ಏರದಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಸುತ್ತು ಹೊಡೆಸಿದಾಗ ಮುಂಚಕ್ರದಿಂದ ಕಟಕಟ ಸದ್ದು ಬಂದರೆ ಸಿವಿ ಜಾಯಿಂಟ್ (ಚಕ್ರಕ್ಕೆ ಶಕ್ತಿ ತಲುಪಿಸುವ ಕೀಲು) ಸವೆದಿದೆ. ಆಟೋಮ್ಯಾಟಿಕ್ ಆದರೆ ಡಿ (ಮುಂದಕ್ಕೆ) ಅಥವಾ ಆರ್‌ಗೆ (ಹಿಂದಕ್ಕೆ) ಹಾಕಿದಾಗ ಗೇರ್ ಕೂರಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಅದರ ಗೇರ್‌ಬಾಕ್ಸ್ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಷ್ಟೇ ಅಗ್ಗವಾಗಿದ್ದರೂ ಮುಟ್ಟಬೇಡಿ.

ಬ್ರೇಕ್ ಪ್ಯಾಡ್, ಬ್ಯಾಟರಿ, ಟೈರ್, ಬುಷ್, ಶಾಕ್ ಅಬ್ಸಾರ್ಬರ್, ಕ್ಲಚ್ ಇವೆಲ್ಲ ಸವೆಯುವ ಮಾಲು. ಇವುಗಳ ರಿಪೇರಿ ಅಂದಾಜು ಬರೆಯಿಸಿಕೊಂಡು ಚೌಕಾಸಿ ಮಾಡಿ. ಟೈರ್ ಪಕ್ಕದಲ್ಲಿರುವ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತದೆ: 2319 ಎಂದರೆ 2019ರ 23ನೇ ವಾರ. ಆದರೆ ಹೆಡ್ ಗ್ಯಾಸ್ಕೆಟ್ ಹೋಗಿ ಬಿಸಿಯೇರಿದ ಎಂಜಿನ್, ಚಾಸಿಗೆ ಹಿಡಿದ ತುಕ್ಕು, ನೆರೆನೀರಿನಲ್ಲಿ ಮುಳುಗಿದ ಗಾಡಿ ಇವು ಚೌಕಾಸಿಯ ವಿಷಯವೇ ಅಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಕಂಡರೆ ನೀರು ಎಲ್ಲಿಯವರೆಗೆ ಏರಿತ್ತು ಎಂಬುದು ತಿಳಿಯುತ್ತದೆ. ಕಾರು ತೊಳೆಯುವವರು ಅಲ್ಲಿವರೆಗೆ ಕೈ ಹಾಕುವುದು ಅಪರೂಪ.

ಟೈಮಿಂಗ್ ಬೆಲ್ಟ್ (ಪಿಸ್ಟನ್‌ಗೆ ತಕ್ಕಂತೆ ವಾಲ್ವ್ ತೆರೆದು ಮುಚ್ಚುವಂತೆ ನಡೆಸುವ ಪಟ್ಟಿ) ಇರುವ ಎಂಜಿನ್ ಆದರೆ, ಯಾವಾಗ ಬದಲಿಸಿದ್ದು ಎಂಬುದಕ್ಕೆ ಬಿಲ್ ಕೇಳಿ. ಹಲವು ಎಂಜಿನ್‌ಗಳಲ್ಲಿ 60,000ದಿಂದ 1,00,000 ಕಿಲೋಮೀಟರ್ ಒಳಗೆ ಬದಲಿಸಬೇಕಾಗುತ್ತದೆ. ಬಾಯಿಮಾತಿನ ಭರವಸೆ ಲೆಕ್ಕಕ್ಕಿಲ್ಲ. ಬಿಲ್ ಇಲ್ಲದಿದ್ದರೆ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್ ಮೂರರ ಖರ್ಚನ್ನೂ ಕಾರಿನ ಬೆಲೆಗೆ ಸೇರಿಸಿಕೊಳ್ಳಿ. ಕೊಂಡ ಮೇಲೆ ದೂರ ಪ್ರಯಾಣ ಹೊರಡುವ ಮೊದಲೇ ಹಾಕಿಸಿಬಿಡಿ. ಓಡುವಾಗ ಬೆಲ್ಟ್ ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಆಗ ಎಂಜಿನ್‌ನ ಹೆಡ್ ಬಿಚ್ಚಿ ಇಳಿಸದೆ ಗತಿಯಿಲ್ಲ.

ಇತಿ,
ಕಾರು ರಿಪೇರಿ ಕಸುಬಿನ ಓದುಗರು